ಸೇಬಾ: ಒಂದು ಪರ್ವತ, ನಾಲ್ಕು ಊರು, ಒಂದು ರಸ್ತೆ

ಸೊಲ್ಲಾಪುರದ ಸಮೀಪ ಹಾದುಹೋಗುವ ಅಕ್ಷಾಂಶವನ್ನು ಭೂಗೋಳದ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಅನುಸರಿಸುತ್ತ ಹೋದರೆ ಅರಬ್ಬೀ ಸಮುದ್ರ, ಅರೇಬಿಯಾದ ದಕ್ಷಿಣ ಭಾಗ, ಕೆಂಪು ಸಮುದ್ರ, ಸುಡಾನ್, ಸಹಾರಾ ಮರುಭೂಮಿ, ಬಳಿಕ ಅಟ್ಲಾಂಟಿಕ್ ಮಹಾಸಾಗರದ ನೀಲಿಯ ಹರವು ಇವೆಲ್ಲವನ್ನೂ ದಾಟಿ ಬೆರಳು ಕೆರಿಬಿಯನ್ ಸಮುದ್ರದ ಪೂರ್ವದಂಚಿನ ದ್ವೀಪಮಾಲೆಯನ್ನು ಮುಟ್ಟುತ್ತದೆ. ಅಲ್ಲಿ, ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ಉತ್ತರಕ್ಕೆ 17 ಡಿಗ್ರಿ 38 ಮಿನಿಟಿನಲ್ಲಿ, ಶಾಲೆಯ ನಕಾಶೆಗಳಲ್ಲಿ ಚುಕ್ಕಿಯಾಗಿಯೂ ಕಾಣಿಸದ ಒಂದು ದ್ವೀಪವಿದೆ. ಅದರ ವಿಸ್ತೀರ್ಣ 13 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು ಎರಡು ಸಾವಿರ. ಇಷ್ಟು ಚಿಕ್ಕ ನೆಲವು ಯುರೋಪಿನ ನೆದರ್ಲೆಂಡ್ಸ್ ದೇಶದ ಒಂದು ಪುರಸಭೆಯಾಗಿದೆ ಎಂಬುದು ಅದರ ಮೊದಲ ವಿಶೇಷ.

ಈ ದ್ವೀಪದ ಹೆಸರನ್ನು ಡಚ್ ಭಾಷೆಯವರು ‘ಸಾಬಾ’ ಎಂದು ಉಚ್ಚರಿಸುತ್ತಾರೆ. ಅಲ್ಲಿ ಹುಟ್ಟಿ ಬೆಳೆದವರು ಹೇಳುವುದು ‘ಸೇಬಾ’ ಎಂದು. ಊರಿನ ಹೆಸರನ್ನು ಊರವರು ಹೇಳುವಂತೆ ಬರೆಯುವುದು ಯೋಗ್ಯವಾದ್ದರಿಂದ ಇಲ್ಲಿ ಎರಡನೆಯ ರೂಪವನ್ನೇ ಇರಿಸಿಕೊಳ್ಳಲಾಗಿದೆ.

ಸಮುದ್ರದಿಂದ ನೇರವಾಗಿ ಎದ್ದ ಬೆಟ್ಟ

ಸೇಬಾ ಎಂಬುದು ವಾಸ್ತವದಲ್ಲಿ ದ್ವೀಪದಲ್ಲಿರುವ ಪರ್ವತವಲ್ಲ. ಪರ್ವತವೇ ದ್ವೀಪವಾಗಿರುವ ಸ್ಥಳ. ಭೂಮಿಯ ಹೊರಪದರದ ಅಟ್ಲಾಂಟಿಕ್ ಭಾಗವು ಕೆರಿಬಿಯನ್ ಫಲಕದ ಕೆಳಗೆ ನಿಧಾನವಾಗಿ ಜಾರಿ ಹೋಗುತ್ತಿರುವುದರಿಂದ ಅಲ್ಲಿ ಶಿಲಾರಸವು ಹುಟ್ಟಿ ಮೇಲೇರಿ, ಜ್ವಾಲಾಮುಖಿಗಳ ಒಂದು ಕಮಾನನ್ನೇ ನಿರ್ಮಿಸಿದೆ. ಆ ಕಮಾನಿನ ಉತ್ತರದ ತುದಿಯ ಜ್ವಾಲಾಮುಖಿಯೇ ಸೇಬಾ. ಅದರ ಶಿಖರದ ಹೆಸರು ಮೌಂಟ್ ಸೀನರಿ. ಎತ್ತರ 887 ಮೀಟರ್ ಎಂದು ಸಾಮಾನ್ಯವಾಗಿ ನಮೂದಾಗಿರುತ್ತದೆ; ಕೆಲವು ಪುಸ್ತಕಗಳಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯ ಅಂಕಿಯೂ ಇದೆ. ಯಾವ ಅಂಕಿಯನ್ನು ಹಿಡಿದರೂ ನೆದರ್ಲೆಂಡ್ಸ್ ರಾಜ್ಯದ ಅತ್ಯುನ್ನತ ಸ್ಥಾನ ಇದೇ. ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲವನ್ನು ಕಟ್ಟೆ ಕಟ್ಟಿ ಕಾಪಾಡಿಕೊಳ್ಳುವುದಕ್ಕೆ ಹೆಸರಾದ ಆ ದೇಶದ ಯುರೋಪಿನ ಭಾಗದಲ್ಲಿ ಅತಿ ಎತ್ತರದ ಗುಡ್ಡ 322 ಮೀಟರನ್ನಷ್ಟೇ ಮುಟ್ಟುತ್ತದೆ. ಅದರ ನಿಜವಾದ ಶಿಖರ ಸಾವಿರಾರು ಕಿಲೋಮೀಟರ್ ಆಚೆ, ಉಷ್ಣವಲಯದ ಮೋಡಗಳ ನಡುವೆ ಇದೆ.

ಇಲ್ಲಿಯ ಜ್ವಾಲಾಮುಖಿಯ ಕೊನೆಯ ಸ್ಫೋಟ ಸುಮಾರು 1640ರ ಹೊತ್ತಿಗೆ, ಡಚ್ಚರು ನೆಲೆಸುವ ಸಂಧಿಕಾಲದಲ್ಲಿ, ಆಗಿರಬೇಕೆಂದು ಭೂವಿಜ್ಞಾನಿಗಳ ಅಂದಾಜು. ಅದು ಸತ್ತ ಜ್ವಾಲಾಮುಖಿಯಲ್ಲ, ಮಲಗಿರುವುದು. ತೀರದಲ್ಲಿ ಕೆಲವೆಡೆ ಬಿಸಿನೀರಿನ ಬುಗ್ಗೆಗಳಿವೆ. ಈಶಾನ್ಯ ಭಾಗದಲ್ಲಿ ಹಿಂದೆ ಗಂಧಕವನ್ನು ಅಗೆದ ಗಣಿಯ ಗುರುತುಗಳೂ ಉಳಿದಿವೆ.

ಅಕ್ಷಾಂಶ ಒಂದೇ ಆದರೆ ಹವೆಯೂ ಒಂದೇ ಎಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ಸೂರ್ಯನ ಲೆಕ್ಕದಲ್ಲಿ ಆ ಭಾವನೆ ಸರಿಯೇ: ಮೇ ತಿಂಗಳ ಎರಡನೆಯ ವಾರದಲ್ಲಿಯೂ ಆಗಸ್ಟ್ ಮೊದಲ ವಾರದಲ್ಲಿಯೂ ಸೊಲ್ಲಾಪುರದಲ್ಲಿ ನೆಟ್ಟ ಕೋಲಿಗೆ ನಡುಹಗಲಿನಲ್ಲಿ ನೆರಳಿಲ್ಲದಂತೆ ಸೇಬಾದಲ್ಲಿ ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಆದರೆ ಸಮುದ್ರದಿಂದ ದೂರವಾಗಿ ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಸೊಲ್ಲಾಪುರ ಮೇ ತಿಂಗಳಲ್ಲಿ ಕಾದ ಹಂಚಿನಂತಾಗುವಾಗ, ಸುತ್ತಲೂ ಸಮುದ್ರವುಳ್ಳ ಸೇಬಾದಲ್ಲಿ ವರ್ಷವಿಡೀ ಸರಾಸರಿ ಉಷ್ಣತೆ 27 ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಬೆಟ್ಟಕ್ಕೆ ತಾಗಿ ಮೇಲೇರಿ, ತಂಪಾಗಿ, ಮೋಡವಾಗುತ್ತವೆ. ಬುಡದಲ್ಲಿ ಪಾಪಾಸುಕಳ್ಳಿ ಬೆಳೆಯುವ ಒಣ ನೆಲವಿದ್ದರೆ, ಶಿಖರದಲ್ಲಿ ಹಾವಸೆ, ಜರೀಗಿಡ, ಸೀತಾಳೆಗಳಿಂದ ಮುಚ್ಚಿಹೋದ ಮರಗಳ ತೇವದ ಮೋಡಗಾಡು ಇದೆ. ಕೆಳಗಿನಿಂದ ಮೇಲಕ್ಕೆ ಒಂದು ಕಿಲೋಮೀಟರೂ ಇಲ್ಲದ ಎತ್ತರದಲ್ಲಿ ಸಸ್ಯವರ್ಗವು ಇಷ್ಟೊಂದು ಬದಲಾಗುವುದು ಭೂಗೋಳ ಪಾಠಕ್ಕೆ ಬಲು ಒದಗುವ ದೃಷ್ಟಾಂತ. ಸೇಬಾದ್ದೇ ಆದ ಒಂದು ಜಾತಿಯ ಓತಿಕ್ಯಾತ ಬೇರೆಲ್ಲಿಯೂ ಕಾಣಸಿಗದು. ಇಲ್ಲಿಯೂ ನೆರೆಯ ಮಾಂಟ್ಸೆರಾಟ್ ದ್ವೀಪದಲ್ಲಿಯೂ ಇರುವ ಕರಿಯ ಇಗ್ವಾನಾ ಹಲ್ಲಿಯನ್ನು ಪ್ರತ್ಯೇಕ ಜಾತಿಯೆಂದು ವಿಜ್ಞಾನಿಗಳು 2020ರಲ್ಲಿ ವರ್ಣಿಸಿದ್ದಾರೆ.

ದ್ವೀಪದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಕಡಿದಾದ ಕೊರಕಲುಗಳಲ್ಲಿ ಇಳಿದು ಕೂಡಲೇ ಸಮುದ್ರ ಸೇರುತ್ತದೆ. ಆದುದರಿಂದ ಮನೆಯ ಮಾಡಿನಿಂದ ಇಳಿಯುವ ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳುವುದು ಇಲ್ಲಿ ಹಳೆಯ ಪದ್ಧತಿ, ತೊಟ್ಟಿಯಿಲ್ಲದೆ ಮನೆಯಿಲ್ಲ. ಸ್ಥಿರವಾದ ಮರಳುತೀರವೂ ಇಲ್ಲವೆಂದೇ ಹೇಳಬೇಕು. ವಾಯವ್ಯದ ವೆಲ್ಸ್ ಬೇ ಎಂಬಲ್ಲಿ ವರ್ಷದ ಕೆಲವು ತಿಂಗಳು ಮರಳು ಬಂದು ಕೂಡುತ್ತದೆ, ಚಳಿಗಾಲದ ಅಲೆಗಳು ಅದನ್ನು ಮತ್ತೆ ಕೊಂಡೊಯ್ಯುತ್ತವೆ. ಕೆರಿಬಿಯನ್ ಎಂದರೆ ತೆಂಗು, ಬಿಳಿಯ ಮರಳು ಎಂಬ ಪ್ರವಾಸಪತ್ರಿಕೆಯ ಚಿತ್ರ ಇಲ್ಲಿ ಸಲ್ಲದು.

ನಾಲ್ಕು ಊರುಗಳು

ಇಂಥ ಕಡಿದಾದ ನೆಲದಲ್ಲಿ ಮನೆ ಕಟ್ಟಲು ಸಾಧ್ಯವಿರುವ ಸ್ಥಳಗಳೇ ವಿರಳ. ಶಿಖರದ ಭುಜಗಳ ಮೇಲೆ, ಕಣಿವೆಗಳ ತಟ್ಟೆಯಂಥ ಭಾಗಗಳಲ್ಲಿ, ನಾಲ್ಕು ಮುಖ್ಯ ಊರುಗಳು ಹುಟ್ಟಿಕೊಂಡವು.

ರಾಜಧಾನಿಯ ಹೆಸರು ದಿ ಬಾಟಮ್. ಈ ಹೆಸರನ್ನು ಇಂಗ್ಲಿಷ್ ಅರ್ಥದಿಂದ ‘ತಳ’ ಎಂದು ತಿಳಿದರೆ ಮೋಸವಾಗುತ್ತದೆ, ಏಕೆಂದರೆ ಊರಿರುವುದು ಸಮುದ್ರದಿಂದ ಸುಮಾರು 250 ಮೀಟರ್ ಮೇಲೆ. ಬಟ್ಟಲು ಎಂಬರ್ಥದ ‘ಬಾಟೆ’ ಎಂಬ ಹಳೆಯ ಡಚ್ ಪದವು ಇಂಗ್ಲಿಷ್ ನಾಲಗೆಯಲ್ಲಿ ಸವೆದು ಬಾಟಮ್ ಆಯಿತೆಂಬುದು ಪ್ರಚಲಿತ ವಿವರಣೆ. ಸುತ್ತ ಬೆಟ್ಟಗಳಿದ್ದು ನಡುವೆ ತಗ್ಗಾಗಿರುವ ಊರಿಗೆ ಬಟ್ಟಲಿನ ಹೋಲಿಕೆ ಚೆನ್ನಾಗಿಯೇ ಒಪ್ಪುತ್ತದೆ. (ಕನ್ನಡದ ಬಟ್ಟಲಿಗೂ ಆ ಡಚ್ ಪದಕ್ಕೂ ಇರುವ ಧ್ವನಿಸಾಮ್ಯ ಕೇವಲ ಆಕಸ್ಮಿಕ, ತರಗತಿಯಲ್ಲಿ ನೆನಪಿಗಾಗಿ ಬಳಸಿಕೊಳ್ಳಲು ಅಡ್ಡಿಯಿಲ್ಲ.) ಸರಕಾರಿ ಕಚೇರಿಗಳು ಇಲ್ಲಿವೆ. 1990ರ ದಶಕದ ಆರಂಭದಲ್ಲಿ ಸ್ಥಾಪಿತವಾದ ವೈದ್ಯಕೀಯ ವಿದ್ಯಾಲಯವೂ ಇಲ್ಲಿಯೇ ಇದ್ದು, ಮುಖ್ಯವಾಗಿ ಉತ್ತರ ಅಮೆರಿಕದಿಂದ ಬರುವ ಅದರ ವಿದ್ಯಾರ್ಥಿಗಳು ದ್ವೀಪದ ಜನಸಂಖ್ಯೆಯಲ್ಲಿ ಎದ್ದು ಕಾಣುವ ಪಾಲು.

ದ್ವೀಪದ ಪೂರ್ವ ಭಾಗದಲ್ಲಿ, ರಾಜಧಾನಿಗಿಂತಲೂ ಎತ್ತರದಲ್ಲಿ, ಗಾಳಿಗೆ ಮುಖವೊಡ್ಡಿರುವ ಊರು ವಿಂಡ್‌ವರ್ಡ್‌ಸೈಡ್. ಶಿಖರಕ್ಕೆ ಹೋಗುವ 1,064 ಮೆಟ್ಟಿಲುಗಳ ಹಾದಿ ಇದರ ಬಳಿಯಿಂದ ಏರುತ್ತದೆ; ಪ್ರವಾಸಿಗರು ತಂಗುವುದೂ ಹೆಚ್ಚಾಗಿ ಇಲ್ಲಿಯೇ. ಇವೆರಡು ಊರುಗಳ ನಡುವೆ ಸೇಂಟ್ ಜಾನ್ಸ್ ಎಂಬ ಪುಟ್ಟ ಊರಿದೆ. ದ್ವೀಪದ ಶಾಲೆಗಳಿರುವುದು ಅಲ್ಲಿ. ಎರಡು ದೊಡ್ಡ ಊರುಗಳ ಮಕ್ಕಳಿಗೂ ನಡುದಾರಿ.

ನಾಲ್ಕನೆಯ ಊರಿಗೆ ಎರಡು ಹೆಸರು. ಈಶಾನ್ಯದ ಆ ಕಡಿದಾದ ಇಳಿಜಾರಿನ ಊರನ್ನು ಜನರು ಹಿಂದಿನಿಂದಲೂ ಹೆಲ್ಸ್ ಗೇಟ್, ಎಂದರೆ ನರಕದ ಬಾಗಿಲು, ಎಂದು ಕರೆಯುತ್ತ ಬಂದರು. ಧರ್ಮಭೀರುಗಳಿಗೆ ಈ ಹೆಸರು ಹಿಡಿಸಲಿಲ್ಲ. ದಾಖಲೆಗಳಲ್ಲಿ ಅದು ಜಾಯನ್ಸ್ ಹಿಲ್, ಜಾಯನ್ ಗುಡ್ಡ, ಎಂದಾಯಿತು. ದಾಖಲೆಯಲ್ಲಿ ಸ್ವರ್ಗದ ಹತ್ತಿರ, ಮಾತಿನಲ್ಲಿ ನರಕದ ಬಾಗಿಲು: ಎರಡೂ ಇಂದಿಗೂ ಜೊತೆಯಾಗಿಯೇ ಬಾಳುತ್ತಿವೆ.

ಬಿಳಿಯ ಗೋಡೆ, ಕೆಂಪು ಮಾಡು, ಹಸಿರು ಕಿಟಕಿಬಾಗಿಲುಗಳ ಚಿಕ್ಕ ಮನೆಗಳು ನಾಲ್ಕೂ ಊರುಗಳ ಸಾಮಾನ್ಯ ಲಕ್ಷಣ. ಸಮತಟ್ಟಾದ ನೆಲ ದುರ್ಲಭವಾದ ಕಾರಣ ಹಲವು ಕುಟುಂಬಗಳು ತಮ್ಮ ಹಿರಿಯರ ಸಮಾಧಿಗಳನ್ನು ಮನೆಯಂಗಳದಲ್ಲಿಯೇ ಕಟ್ಟಿಕೊಂಡಿವೆ.

ಐದನೆಯ ಊರೊಂದು ಇತ್ತು. ವಾಯವ್ಯದ ಕಡಿಬಂಡೆಗಳ ಮೇಲಿದ್ದ ಮೇರೀಸ್ ಪಾಯಿಂಟ್ ಎಂಬ ಆ ಹಳ್ಳಿಗೆ ಹೋಗಿಬರುವುದು ಬಹು ಕಷ್ಟ. ಸರಕಾರವು 1934ರಲ್ಲಿ ಅಲ್ಲಿಯ ಕುಟುಂಬಗಳನ್ನು ಎಬ್ಬಿಸಿ ದಿ ಬಾಟಮ್‌ಗೆ ತಂದು ನೆಲೆಗೊಳಿಸಿತು. ಅವರಿಗೆ ಕೊಟ್ಟ ಜಾಗಕ್ಕೆ ‘ಪ್ರಾಮಿಸ್ಡ್ ಲ್ಯಾಂಡ್’, ಅಂದರೆ ಬೈಬಲ್ಲಿನ ವಾಗ್ದತ್ತ ಭೂಮಿ, ಎಂಬ ಹೆಸರಾಯಿತು. ಹಳೆಯ ಊರಿನಲ್ಲಿ ಈಗ ಕಾಡು ಬೆಳೆದಿದೆ; ಕಲ್ಲಿನ ಬುನಾದಿಗಳು, ತೊಟ್ಟಿಗಳು ಮತ್ತು ಸಮಾಧಿಗಳು ಕಾಲುದಾರಿಯ ಪಕ್ಕದಲ್ಲಿ ಕಾಣುತ್ತವೆ. ಒಂದು ಊರು ಉಳಿಯುವುದೂ ಅಳಿಯುವುದೂ ದಾರಿಯನ್ನು ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಮೇರೀಸ್ ಪಾಯಿಂಟ್‌ಗಿಂತ ಬೇರೆ ಸಾಕ್ಷಿ ಬೇಡ. ಏಕೆಂದರೆ ಅದನ್ನು ತೆರವು ಮಾಡಿದ ನಾಲ್ಕೇ ವರ್ಷಗಳಲ್ಲಿ ದ್ವೀಪದಲ್ಲಿ ರಸ್ತೆಯ ಕೆಲಸ ಪ್ರಾರಂಭವಾಯಿತು.

ರಸ್ತೆ

1943ಕ್ಕೆ ಮುನ್ನ ಸೇಬಾದಲ್ಲಿ ಗಾಡಿ ಓಡುವ ರಸ್ತೆಯೇ ಇರಲಿಲ್ಲ. ಹಡಗಿನಿಂದ ಸಾಮಾನು ಇಳಿಸುವ ಸ್ಥಳಗಳು ಎರಡು. ದಕ್ಷಿಣದ ಫೋರ್ಟ್ ಬೇ ಒಂದು, ಪಶ್ಚಿಮದ ಲ್ಯಾಡರ್ ಬೇ ಇನ್ನೊಂದು. ಲ್ಯಾಡರ್ ಎಂದರೆ ಏಣಿ. ಬಂಡೆಯಲ್ಲಿ ಕಡಿದ ಸುಮಾರು 800 ಮೆಟ್ಟಿಲುಗಳೇ ಆ ಏಣಿ. ಅಲೆಗಳ ಹೊಯ್ದಾಟದ ನಡುವೆ ಸೊಂಟಮಟ್ಟದ ನೀರಿನಲ್ಲಿ ನಿಂತವರು ದೋಣಿಯಿಂದ ಇಳಿಸಿಕೊಟ್ಟ ಹೊರೆಗಳು ಜನರ ತಲೆಯ ಮೇಲೇರಿ ಊರು ಸೇರುತ್ತಿದ್ದವು. ಅಕ್ಕಿ ಹಿಟ್ಟು ಮರಮುಟ್ಟು ಮಾತ್ರವಲ್ಲ, ಪಿಯಾನೊದಂಥ ವಾದ್ಯವೂ ಹೀಗೆಯೇ ಹೋಯಿತು. ಏಣಿಯ ನಡುಹಾದಿಯಲ್ಲಿ ಸುಂಕದ ಕಟ್ಟೆಯೊಂದಿತ್ತು. ಅದರ ಕಟ್ಟಡ ಇಂದಿಗೂ ನಿಂತಿದೆ.

ಇಂಥ ಇಳಿಜಾರಿನಲ್ಲಿ ರಸ್ತೆ ಅಸಾಧ್ಯವೆಂದು ಡಚ್ ಎಂಜಿನಿಯರುಗಳು ಹೇಳಿದರೆಂಬುದು ದ್ವೀಪದವರು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. ಆ ಮಾತನ್ನು ಒಪ್ಪದವನು ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯ. ಆತ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಅಂಚೆಯ ಮೂಲಕ ಪಾಠ ತರಿಸಿಕೊಂಡು ರಸ್ತೆ ನಿರ್ಮಾಣದ ವಿದ್ಯೆಯನ್ನು ಕಲಿತನು. 1938ರಲ್ಲಿ ಕೆಲಸ ತೊಡಗಿತು. ದೊಡ್ಡ ಯಂತ್ರಗಳಿಲ್ಲದೆ ಹಾರೆ, ಗುದ್ದಲಿ, ತಳ್ಳುಗಾಡಿಗಳಿಂದ ದ್ವೀಪದವರೇ ಕಡಿದು ಕಲ್ಲು ಕಟ್ಟಿದ ಮೊದಲ ಭಾಗ, ಫೋರ್ಟ್ ಬೇಯಿಂದ ದಿ ಬಾಟಮ್‌ವರೆಗಿನದು, 1943ರಲ್ಲಿ ಮುಗಿಯಿತು. ಆ ರಸ್ತೆಯ ಮೇಲೆ ಮೊದಲ ವಾಹನವಾದ ಜೀಪು ಬಂದದ್ದು 1947ರಲ್ಲಿ. ಎಂದರೆ ನಾಲ್ಕು ವರ್ಷ ರಸ್ತೆ ವಾಹನಕ್ಕಾಗಿ ಕಾದಿತ್ತು. 1951ರಲ್ಲಿ ಅದು ವಿಂಡ್‌ವರ್ಡ್‌ಸೈಡನ್ನು ಮುಟ್ಟಿತು, 1958ರಲ್ಲಿ ಪೂರ್ಣವಾಯಿತು. ಇಪ್ಪತ್ತು ವರ್ಷಗಳ ಈ ಕೆಲಸದ ಫಲಕ್ಕೆ ಜನರಿಟ್ಟ ಹೆಸರು ‘ದಿ ರೋಡ್’ ಎಂದಷ್ಟೇ. ಬೇರೊಂದು ರಸ್ತೆಯಿಲ್ಲದ ಊರಿನಲ್ಲಿ ರಸ್ತೆಗೆ ವಿಶೇಷಣವೇಕೆ?

ರಸ್ತೆಯಾದ ಮೇಲೆ ಮಿಕ್ಕುದೆಲ್ಲ ಬಂತು. ಈಶಾನ್ಯದಲ್ಲಿ ಫ್ಲಾಟ್ ಪಾಯಿಂಟ್ ಎಂಬ, ಹಳೆಯ ಲಾವಾ ಹರಿದು ಸಮುದ್ರಕ್ಕೆ ಚಾಚಿಕೊಂಡ, ಒಂದೇ ಒಂದು ಚಪ್ಪಟೆಯಾದ ಜಾಗವಿತ್ತು. ನೆರೆಯ ಸೇಂಟ್ ಬಾರ್ತೆಲೆಮಿ ದ್ವೀಪದ ರೆಮಿ ದ ಹೆನೆನ್ ಎಂಬ ವಿಮಾನಿ 1959ರ ಫೆಬ್ರವರಿಯಲ್ಲಿ, ದ್ವೀಪದವರು ಕಲ್ಲು ಹೆಕ್ಕಿ ಮಟ್ಟಮಾಡಿದ ಆ ನೆಲದಲ್ಲಿ ವಿಮಾನ ಇಳಿಸಿ ತೋರಿಸಿದನು. 1963ರಲ್ಲಿ ವಿಮಾನ ನಿಲ್ದಾಣವೇ ಆಯಿತು. ಅದರ ಓಟದ ಹಾದಿ ಸುಮಾರು 400 ಮೀಟರ್, ಅಂದರೆ ಕ್ರೀಡಾಂಗಣದ ಓಟದ ಪಥವನ್ನು ಒಂದು ಸುತ್ತು ಬಿಚ್ಚಿ ನೇರವಾಗಿ ಹಾಸಿದಷ್ಟು. ಎರಡು ತುದಿಗಳಲ್ಲಿಯೂ ಕೆಳಗೆ ಸಮುದ್ರ. ಜೆಟ್ ವಿಮಾನಗಳು ಇಲ್ಲಿ ಇಳಿಯಲಾರವು. ಉತ್ತರದಲ್ಲಿ ಸುಮಾರು 45 ಕಿಲೋಮೀಟರ್ ದೂರದ ಸಿಂಟ್ ಮಾರ್ಟೆನ್‌ನಿಂದ ಚಿಕ್ಕ ವಿಮಾನಗಳು ಕಾಲು ಗಂಟೆಯೊಳಗೆ ಬಂದುಹೋಗುತ್ತವೆ. 1972ರಲ್ಲಿ ಫೋರ್ಟ್ ಬೇಯಲ್ಲಿ ಹಡಗುಕಟ್ಟೆ ಸಿದ್ಧವಾಗಿ, ನೀರಿಗಿಳಿದು ಹೊರೆ ಹೊರುವ ಕಾಲ ಮುಗಿಯಿತು.

ಜೀವನೋಪಾಯ

ಸಕ್ಕರೆಯ ದೊಡ್ಡ ತೋಟಗಳಿಗೆ ಇಲ್ಲಿ ಎಡೆಯಿರಲಿಲ್ಲ. ಆದರೂ ಗುಲಾಮಗಿರಿ ಇತ್ತು. ಡಚ್ ಕೆರಿಬಿಯನ್ನಿನ ಉಳಿದೆಡೆಗಳಂತೆ 1863ರ ಜುಲೈ 1ರಂದು ಅದು ರದ್ದಾಯಿತು. ಗಂಡಸರು ಬಹುತೇಕ ನಾವಿಕರು, ವರ್ಷದ ಹೆಚ್ಚು ಕಾಲ ಸಮುದ್ರದ ಮೇಲೆ. ಊರಿನಲ್ಲಿ ಹೆಂಗಸರೇ ಹೆಚ್ಚಾಗಿದ್ದುದರಿಂದ ಸೇಬಾಕ್ಕೆ ‘ಹೆಂಗಸರ ದ್ವೀಪ’ ಎಂಬ ಹೆಸರೂ ಬಿದ್ದಿತ್ತು. ಆ ಹೆಂಗಸರ ಕೈಗೆ 1870ರ ದಶಕದಲ್ಲಿ ಒಂದು ಕಸುಬು ಬಂತು. ವೆನೆಜುವೆಲಾದ ಕರಾಕಸ್ ನಗರದ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಕಲಿತುಬಂದ ಗರ್ಟ್ರೂಡ್ ಜಾನ್ಸನ್, ಬಟ್ಟೆಯ ಎಳೆಗಳನ್ನು ಬಿಡಿಸಿ ಮತ್ತೆ ಕಟ್ಟಿ ಚಿತ್ತಾರ ಮೂಡಿಸುವ ನವಿರಾದ ಕಸೂತಿಯನ್ನು ಊರಿನಲ್ಲಿ ಹರಡಿದಳು. 1884ರಲ್ಲಿ ಅಂಚೆಯ ಸೌಕರ್ಯ ಬಂದ ಮೇಲೆ ಹೆಂಗಸರು ಅಮೆರಿಕದ ವಿಳಾಸಗಳಿಗೆ ಪತ್ರ ಬರೆದು ತಮ್ಮ ಲೇಸನ್ನು ತಾವೇ ಮಾರತೊಡಗಿದರು. ದಾರಿಯಿಲ್ಲದ ಊರಿನಿಂದ ಅಂಚೆಚೀಲದೊಳಗೆ ಹೋಗಬಲ್ಲಷ್ಟು ಹಗುರವಾದ ಸರಕು ಅದೊಂದೇ ಆಗಿದ್ದಿರಬೇಕು.

ಇಂದು ಸರಕಾರಿ ಕೆಲಸ, ವೈದ್ಯಕೀಯ ವಿದ್ಯಾಲಯ, ಮೀನುಗಾರಿಕೆ, ಸಮುದ್ರದಡಿಯ ಹವಳದ ಲೋಕವನ್ನು ನೋಡಬರುವ ಮುಳುಗುಗಾರ ಪ್ರವಾಸಿಗರು, ಇವು ಮುಖ್ಯ ಆಧಾರಗಳು. ದ್ವೀಪದ ಸುತ್ತಲ ಸಮುದ್ರವನ್ನು 60 ಮೀಟರ್ ಆಳದವರೆಗೆ 1987ರಲ್ಲಿ ಸಂರಕ್ಷಿತ ಉದ್ಯಾನವಾಗಿ ಘೋಷಿಸಲಾಯಿತು. ನೈಋತ್ಯದಲ್ಲಿ ಸೇಬಾ ಬ್ಯಾಂಕ್ ಎಂಬ, ನೀರಿನಡಿಯಲ್ಲಿ ಮುಳುಗಿರುವ ಚಪ್ಪಟೆ ತಲೆಯ ಪರ್ವತವಿದೆ. ಅದರ ವಿಸ್ತಾರ 2,000 ಚದರ ಕಿಲೋಮೀಟರಿಗೂ ಮಿಗಿಲು. ನೀರಿನ ಮೇಲಿನ ಸೇಬಾಕ್ಕಿಂತ ನೂರೈವತ್ತು ಪಾಲು ದೊಡ್ಡದು. ಮೀನುಗಾರರು ದೊಡ್ಡ ಸಿಗಡಿ ಜಾತಿಯ ಲಾಬ್‌ಸ್ಟರನ್ನು ಹಿಡಿಯುವುದು ಅಲ್ಲಿ. ಹಡಗುಗಳ ಲಂಗರುಗಳಿಂದ ಹವಳಕ್ಕೆ ಹಾನಿಯಾಗುತ್ತಿದ್ದುದರಿಂದ 2012ರಲ್ಲಿ ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆಯು ಅದನ್ನು ವಿಶೇಷ ಸಂವೇದನೆಯ ಪ್ರದೇಶವೆಂದು ಮಾನ್ಯ ಮಾಡಿತು.

ಪುರಸಭೆ ಮತ್ತು ಶಾಲೆಯ ಭಾಷೆ

ಸೇಬಾ 1816ರಿಂದ ನಿರಂತರವಾಗಿ ಡಚ್ಚರದು. ಅದಕ್ಕೆ ಮುನ್ನ ಇಂಗ್ಲಿಷರು, ಫ್ರೆಂಚರು, ಡಚ್ಚರು ಹಲವು ಬಾರಿ ಕೈ ಬದಲಿಸಿಕೊಂಡರು. ಇಪ್ಪತ್ತನೆಯ ಶತಮಾನದಲ್ಲಿ ಅದು ಆರು ದ್ವೀಪಗಳ ನೆದರ್ಲೆಂಡ್ಸ್ ಆಂಟಿಲೀಸ್ ಒಕ್ಕೂಟದ ಭಾಗವಾಗಿತ್ತು. 2004ರ ಜನಮತಗಣನೆಯಲ್ಲಿ ಸೇಬಾದ ಮತದಾರರಲ್ಲಿ ಶೇಕಡಾ 86ರಷ್ಟು ಮಂದಿ ನೆದರ್ಲೆಂಡ್ಸಿನೊಡನೆ ನೇರ ಸಂಬಂಧವನ್ನು ಬಯಸಿದರು. 2010ರ ಅಕ್ಟೋಬರ್ 10ರಂದು ಒಕ್ಕೂಟ ವಿಸರ್ಜನೆಯಾದಾಗ ಸೇಬಾ, ಸಿಂಟ್ ಯುಸ್ಟೇಷಿಯಸ್, ಬೊನೇರ್ ಈ ಮೂರು ದ್ವೀಪಗಳು ‘ವಿಶೇಷ ಪುರಸಭೆ’ಗಳಾದವು. ಇವು ಯಾವ ಪ್ರಾಂತಕ್ಕೂ ಸೇರಿಲ್ಲ. ಐದು ಸದಸ್ಯರ ದ್ವೀಪ ಪರಿಷತ್ತು ಸೇಬಾದ ಆಡಳಿತ ನಡೆಸುತ್ತದೆ. ಡಚ್ ಪೌರರು ನೆದರ್ಲೆಂಡ್ಸಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಆದರೂ 2011ರಿಂದ ಚಲಾವಣೆಯಲ್ಲಿರುವುದು ಯೂರೋ ಅಲ್ಲ, ಅಮೆರಿಕದ ಡಾಲರ್.

ಈ ಕೈಪಿಡಿಯ ಓದುಗರಿಗೆ ಇದಕ್ಕಿಂತ ಹತ್ತಿರದ ಸಂಗತಿ ಒಂದಿದೆ. ಸೇಬಾದ ಮನೆಗಳಲ್ಲಿ, ಅಂಗಡಿಗಳಲ್ಲಿ, ಚರ್ಚಿನಲ್ಲಿ ಆಡುವ ಭಾಷೆ ಇಂಗ್ಲಿಷ್. ಪಠ್ಯಪುಸ್ತಕದ ಇಂಗ್ಲಿಷ್ ಅಲ್ಲ, ತಲೆಮಾರುಗಳಿಂದ ಆ ಬೆಟ್ಟದಲ್ಲಿ ಬೆಳೆದ ಅದರದೇ ಧಾಟಿಯ ಇಂಗ್ಲಿಷ್. ರಾಜ್ಯದ ಭಾಷೆ ಡಚ್. ಜಗತ್ತಿನಲ್ಲಿ ಬಲಿಷ್ಠವೆಂದು ಎಣಿಸುವ ಇಂಗ್ಲಿಷ್ ಆ ದೇಶದೊಳಗೆ ಅಲ್ಪಸಂಖ್ಯಾತರ ಮನೆಮಾತು. ಭಾಷೆಯು ಅಲ್ಪಸಂಖ್ಯಾತವಾಗುವುದು ತನ್ನ ಗುಣದಿಂದಲ್ಲ, ಗಡಿಯಿಂದ ಎಂಬುದನ್ನು ಕಾಸರಗೋಡಿನ ಅಥವಾ ಅಕ್ಕಲಕೋಟೆಯ ಶಿಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಸೇಬಾದ ಶಾಲೆಗಳಲ್ಲಿ ಬೋಧನೆಯ ಮಾಧ್ಯಮ ಇಂಗ್ಲಿಷ್. ಡಚ್ಚನ್ನು ಪರಭಾಷೆಯಾಗಿ ಕಲಿಸುತ್ತಾರೆ. ಪ್ರೌಢಶಾಲೆಯ ಪರೀಕ್ಷೆಗಳು ಕೆರಿಬಿಯನ್ನಿನ ಇಂಗ್ಲಿಷ್ ದೇಶಗಳ ಸಂಯುಕ್ತ ಪರೀಕ್ಷಾ ಮಂಡಳಿಯವು. ನೆರೆಯ ಸಿಂಟ್ ಯುಸ್ಟೇಷಿಯಸ್‌ನಲ್ಲಿ ಮಕ್ಕಳ ಮನೆಮಾತು ಇಂಗ್ಲಿಷೇ ಆಗಿದ್ದರೂ ಪ್ರೌಢಶಾಲೆಯಲ್ಲಿ ಡಚ್ ಮಾಧ್ಯಮವಿತ್ತು. ತರಗತಿಯ ಹೊರಗೆ ಎಲ್ಲಿಯೂ ಕೇಳದ ಭಾಷೆಯಲ್ಲಿ ಗಣಿತ ವಿಜ್ಞಾನಗಳನ್ನು ಕಲಿಯಬೇಕಾದ ಮಕ್ಕಳು ಹಿಂದೆ ಬೀಳುತ್ತಿರುವುದನ್ನು ಕಂಡು, ಅಧ್ಯಯನ ನಡೆಸಿ, 2014ರಲ್ಲಿ ಅಲ್ಲಿಯೂ ಇಂಗ್ಲಿಷ್ ಮಾಧ್ಯಮಕ್ಕೆ ಮರಳುವ ನಿರ್ಧಾರವಾಯಿತು. ಆದರೆ ಇದರಿಂದ ಎಲ್ಲವೂ ನೇರವಾಯಿತೆಂದಲ್ಲ. ಉನ್ನತ ಶಿಕ್ಷಣಕ್ಕಾಗಿ ನೆದರ್ಲೆಂಡ್ಸಿಗೆ ಹೋಗಬಯಸುವ ವಿದ್ಯಾರ್ಥಿಗೆ ಒಳ್ಳೆಯ ಡಚ್ ಬೇಕು. ರಾಜಧಾನಿ ಹೇಗ್‌ನಿಂದಲ್ಲವಾದರೂ ಸರಕಾರವಿರುವ ಆ ನಗರದಿಂದ ಬರುವ ಕಾನೂನುಗಳೂ ಡಚ್ಚಿನಲ್ಲಿಯೇ ಇರುತ್ತವೆ. ಮನೆಮಾತಿನಲ್ಲಿ ಕಲಿತ ಮಗುವಿಗೆ ರಾಜ್ಯಭಾಷೆಯನ್ನು ಎಷ್ಟು, ಯಾವ ವಯಸ್ಸಿನಿಂದ, ಯಾವ ಕ್ರಮದಲ್ಲಿ ಕಲಿಸಬೇಕು ಎಂಬ ಪ್ರಶ್ನೆ ಅಲ್ಲಿಯೂ ಜೀವಂತವಾಗಿದೆ. ಮಾಧ್ಯಮವಾಗಿ ಕೆಟ್ಟದ್ದಾಗಿ ಕಲಿತ ಭಾಷೆಯನ್ನು ಪರಭಾಷೆಯಾಗಿ ಚೆನ್ನಾಗಿ ಕಲಿಯಬಹುದೆಂಬ ವಿಶ್ವಾಸದ ಮೇಲೆ ಸೇಬಾದ ವ್ಯವಸ್ಥೆ ನಿಂತಿದೆ ಎನ್ನಬಹುದು.

ತರಗತಿಯಲ್ಲಿ

ಈ ದ್ವೀಪವನ್ನು ಪಾಠವಾಗಿ ತೆಗೆದುಕೊಳ್ಳುವ ಶಿಕ್ಷಕರು ಸಮೋನ್ನತಿ ರೇಖೆಗಳನ್ನು ಇದರಿಂದಲೇ ಆರಂಭಿಸಬಹುದು. ಕಪ್ಪುಹಲಗೆಯ ಮೇಲೆ ಮೊಟ್ಟೆಯಾಕಾರದ ತೀರರೇಖೆಯನ್ನು ಎಳೆದು, ಅದರೊಳಗೆ ಒಂದರೊಳಗೊಂದು ಬಳೆಗಳಂತೆ ರೇಖೆಗಳನ್ನು ಹಾಕಿ, ನಡುವೆ ಶಿಖರವನ್ನು ಗುರುತಿಸಿದರೆ ಸಾಕು. ರೇಖೆಗಳು ಒತ್ತೊತ್ತಾದಲ್ಲಿ ಇಳಿಜಾರು ಕಡಿದು ಎಂಬುದು ತಾನಾಗಿ ಕಾಣುತ್ತದೆ. ಊರು ಎಲ್ಲಿ ಕಟ್ಟಬಹುದೆಂದು ಮೊದಲು ಮಕ್ಕಳನ್ನೇ ಕೇಳಿ, ಆಮೇಲೆ ನಾಲ್ಕು ಊರುಗಳಿಗೆ ತುಂಬಿದ ಚುಕ್ಕಿಗಳನ್ನೂ ಮೇರೀಸ್ ಪಾಯಿಂಟ್‌ಗೆ ಬರಿದಾದ ಸುತ್ತನ್ನೂ ಇಡುವುದು. ರಸ್ತೆಯನ್ನು ಕೊನೆಗೆ ಎಳೆಯುವುದು. ನೇರವಾಗಿ ಎಳೆಯಲು ಹೋದ ಮಗುವಿಗೆ ಅದು ರೇಖೆಗಳನ್ನು ಕಡಿದು ಹೋಗುವುದು ತೋರುತ್ತದೆ, ಆಗ ಸುತ್ತಿ ಬಳಸಿ ಹೋಗುವ ದಾರಿಯ ಅಗತ್ಯ ತಿಳಿಯುತ್ತದೆ. ಮೇಲಿನ ತರಗತಿಯವರಿಗೆ ವೇಳೆಯ ಲೆಕ್ಕವನ್ನೂ ಕೊಡಬಹುದು: ಸೇಬಾದ ಗಡಿಯಾರ ಭಾರತದ್ದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಸೊಲ್ಲಾಪುರದ ಶಾಲೆಯಲ್ಲಿ ಹತ್ತೂವರೆಗೆ ಗಂಟೆ ಬಾರಿಸುವಾಗ ಸೇಂಟ್ ಜಾನ್ಸ್‌ನ ಮಕ್ಕಳಿಗೆ ನಡುರಾತ್ರಿ ಕಳೆದು ಒಂದು ಗಂಟೆ. ಅವರು ರಸ್ತೆಯಲ್ಲಿ ಶಾಲೆಯ ಕಡೆಗೆ ಹೊರಡುವ ಹೊತ್ತಿಗೆ ಇಲ್ಲಿಯವರು ಪಾಠ ಮುಗಿಸಿ ಮನೆ ಸೇರಿರುತ್ತಾರೆ.